ಅಪ್ಪಾಜಿಯ ಡೇ ಕೇರ್: ಎಂಟು ತಿಂಗಳ ಅನುಭವ

ಅಪ್ಪಾಜಿಗೆ 78 ವರ್ಷ. ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತು ದುಡಿದವರು. ಕಿವಿ ಮಂದ, ಶುಗರ್ ಇದೆ, ಬಿಪಿ ಇದೆ. ನಾನು ಅಂಗಡಿಗೆ, ಹೆಂಡತಿ ಶಾಲೆಗೆ ಹೊರಟರೆ ನಿಟ್ಟುವಳ್ಳಿಯ ಮನೆಯಲ್ಲಿ ಅವರೊಬ್ಬರೇ. ಅದಕ್ಕೇ ಆಟೋದಲ್ಲಿ ಹತ್ತು ನಿಮಿಷ ದೂರದ ಒಂದು ಡೇ ಕೇರ್‌ಗೆ ಸೇರಿಸಿದೆವು. ಹೊಗಳಿಕೆಯ ಜೊತೆ ಜಗಳವೂ ಇರುವುದರಿಂದ ಹೆಸರು ಬರೆಯಲ್ಲ.

ತಿಂಗಳಿಗೆ 4,500 ರೂಪಾಯಿ. ಹತ್ತಕ್ಕೆ ಬಿಟ್ಟರೆ ಐದಕ್ಕೆ ಕರೆದುಕೊಂಡು ಬರಬೇಕು. ಕೇರಂ, ಟಿವಿ, ಪೇಪರ್ ಎಲ್ಲಾ ಇದೆ. ಮಧ್ಯಾಹ್ನ ಮೆತ್ತಗಿನ ರೊಟ್ಟಿ, ಪಲ್ಯ, ಅನ್ನ ಸಾರು. ಊಟಕ್ಕೆ ಅಪ್ಪಾಜಿ ಹೆಸರಿಡುವುದಿಲ್ಲ. ಮಂಡಕ್ಕಿ ಜೊತೆ ಮಿರ್ಚಿ ಕೊಡಲ್ಲ ಅನ್ನುವುದೊಂದೇ ಅವರ ದೂರು.

ಆದರೆ ನಾನು ದುಡ್ಡು ಕೊಡುತ್ತಿರುವುದು ಕೇರಂ ಬೋರ್ಡಿಗಲ್ಲ, ಅಲ್ಲಿನ ನರ್ಸ್ ಸಿಸ್ಟರ್‌ಗೆ.

ಮೊದಲ ದಿನ ಅವರು ಅಪ್ಪಾಜಿಯನ್ನು ಕೂರಿಸಿ ಬಿಪಿ ನೋಡಿದರು. ಮೇಲಿನ ಅಂಕಿ 138. ಸರಿ, ಮುಗೀತು ಅಂತ ನಾನು ಎದ್ದೆ. "ಸ್ವಲ್ಪ ಇರಿ ಅಣ್ಣಾ" ಅಂದವರು ಅಪ್ಪಾಜಿಯನ್ನು ನಿಲ್ಲಿಸಿ, ಮೂರು ನಿಮಿಷ ಬಿಟ್ಟು ಮತ್ತೆ ನೋಡಿದರು. 112. "ಅಜ್ಜಾರೇ, ಈಚೆಗೆ ಬಿದ್ದಿದ್ರಾ?" ಅಂತ ಕಿವಿ ಹತ್ತಿರ ಬಾಗಿ ಕೇಳಿದರು. ಬಿದ್ದಿದ್ದರು, ಎರಡು ಸಲ, ಬಚ್ಚಲಲ್ಲಿ. ನಾವು ಚಪ್ಪಲಿ ಜಾರಿತು ಅಂದುಕೊಂಡಿದ್ದೆವು! ನಿಂತಾಗ 20ಕ್ಕಿಂತ ಜಾಸ್ತಿ ಇಳಿದರೆ ತಲೆ ಸುತ್ತಬಹುದು, ಪ್ರಾಸ್ಟೇಟ್ ಮಾತ್ರೆಯಿಂದಲೂ ಹೀಗಾಗುತ್ತೆ ಅಂದರು. ಚೀಟಿ ಬರೆದು ಡಾಕ್ಟರ್ ಹತ್ತಿರ ಕಳಿಸಿದರು. ಮಾತ್ರೆಯ ಹೊತ್ತು ಬದಲಾಯಿತು. ರಾತ್ರಿ ಏಳುವಾಗ ಮಂಚದ ಅಂಚಲ್ಲಿ ಸ್ವಲ್ಪ ಹೊತ್ತು ಕೂತು ಆಮೇಲೆ ಏಳುವುದನ್ನು ಅಪ್ಪಾಜಿ ಕಲಿತರು. ಆಮೇಲೆ ಬಿದ್ದಿಲ್ಲ.

ಕಿವಿಯದೂ ಹಾಗೇ. ಮಗ್ಗದ ಸದ್ದಿಗೆ ಹೋಗಿದ್ದು ವಾಪಸ್ ಬರಲ್ಲ, ನಿಜ. ಆದರೆ ಒಳಗೆ ಗುಗ್ಗೆಯೂ ಗಟ್ಟಿಯಾಗಿ ಕೂತಿತ್ತು. ಅದನ್ನು ತೆಗೆಸಿದ ಮೇಲೆ ಮನೆಯ ಟಿವಿ ಸದ್ದು ಅರ್ಧಕ್ಕಿಳಿಯಿತು. ಪ್ರತಿ ವಾರ ಶುಗರ್ ಇರುವವರ ಪಾದ ಕೂಡ ನೋಡುತ್ತಾರೆ, ಬೆರಳಿನ ಸಂದಿ ಬಿಡಿಸಿ. ಮಗನಾಗಿ ನಾನು ಒಂದು ದಿನವೂ ನೋಡಿರಲಿಲ್ಲ.

ಈಗ ಜಗಳದ ವಿಷಯ. ಸಿಸ್ಟರ್ ಬರುವುದು ಸೋಮವಾರ, ಬುಧವಾರ, ಶುಕ್ರವಾರ ಮಾತ್ರ. ಸೇರಿಸಿಕೊಳ್ಳುವಾಗ ಇದನ್ನು ಯಾರೂ ಹೇಳಲಿಲ್ಲ. ಒಂದು ಗುರುವಾರ ಅಪ್ಪಾಜಿ ಶುಗರ್ ಮಾತ್ರೆ ನುಂಗಿ, ಉಪ್ಪಿಟ್ಟು ಬೇಡ ಅಂತ ಹಾಗೇ ಹೋಗಿದ್ದರು. ಹನ್ನೆರಡರ ಹೊತ್ತಿಗೆ ಮೈಯೆಲ್ಲಾ ಬೆವರು, ಮಾತು ತೊದಲು. ಆಯಾ ಸೆಕೆ ಅಂತ ಫ್ಯಾನ್ ಜೋರು ಮಾಡಿದರಂತೆ. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು, ಅವರೂ ಶುಗರಿನವರೇ, ಶುಗರ್ ತೀರಾ ಇಳಿದಿದೆ ಅಂತ ಗುರುತು ಹಿಡಿದು ಸಕ್ಕರೆ ನೀರು ಕುಡಿಸಿದರು. ನಾನು ಹೋಗಿ ಶುಗರ್ ನೋಡೋ ಮಿಷನ್ ಕೊಡಿ ಅಂದರೆ ಅದು ಬೀರುವಿನಲ್ಲಿ. ಬೀಗದ ಕೈ ಸಿಸ್ಟರ್ ಪರ್ಸಿನಲ್ಲಿ. ಸಿಸ್ಟರ್ ಹರಿಹರದಲ್ಲಿ!

ಕೂಗಾಡಿದೆ. ಮ್ಯಾನೇಜರ್‌ ಅದಕ್ಕೆ "ಇದು ಆಸ್ಪತ್ರೆ ಅಲ್ಲ ಸಾರ್" ಅಂದರು. ಆಸ್ಪತ್ರೆ ಬೇಡ ಸ್ವಾಮಿ, ಬೀಗದ ಕೈ ಸಾಕು ಅಂದೆ. ಈಗ ಅದು ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ಪಕ್ಕದಲ್ಲೇ ಸಿಸ್ಟರ್ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದಾರೆ: ಶುಗರ್ 70ಕ್ಕಿಂತ ಕಮ್ಮಿ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಆಯಾಗೂ ಚುಚ್ಚಿ ನೋಡುವುದನ್ನು ಕಲಿಸಿದ್ದಾರೆ.

ಟಾಯ್ಲೆಟ್ಟಿನ ಬಗ್ಗೆಯೂ ಹೇಳಬೇಕು. ಕಮೋಡ್ ಇದೆ, ಪಕ್ಕಕ್ಕೆ ಹಿಡಿಕೆ ಇಲ್ಲ. ನೆಲದ ಟೈಲ್ಸ್ ನೀರು ಬಿದ್ದರೆ ಜಾರುತ್ತೆ. ಅಲ್ಲಿಗೆ ಹೋಗಲು ಹೆದರಿ ಅಜ್ಜಂದಿರು ನೀರು ಕುಡಿಯುವುದನ್ನೇ ಕಮ್ಮಿ ಮಾಡುತ್ತಾರೆ. ಆಮೇಲೆ ಉರಿಮೂತ್ರ, ಮಲಬದ್ಧತೆ ಅಂತ ಒದ್ದಾಟ. ನಿಮ್ಮವರನ್ನು ಎಲ್ಲಿಗೆ ಸೇರಿಸುವುದಾದರೂ ಟಿವಿ ರೂಮಿಗಿಂತ ಮೊದಲು ಟಾಯ್ಲೆಟ್ ನೋಡಿ. ನರ್ಸ್ ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು ಇರುತ್ತಾರೆ ಅಂತ ಬಾಯಿಬಿಟ್ಟು ಕೇಳಿ.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಮೂರೂ ಸಿಸ್ಟರ್‌ದೇ. ಮುಂದಿನ ತಿಂಗಳ ಫೀಸು ಕಟ್ಟಿದ್ದೇನೆ. ಹಿಡಿಕೆ ಇನ್ನೂ ಹಾಕಿಸಿಲ್ಲ.