1000 ವಾಟ್ಸ್ ಅಂತ ಬರೆದದ್ದನ್ನು ನಂಬಿ ಬೇಸ್ ಆ್ಯಂಪ್ ತೆಗೆದುಕೊಂಡೆ, ನೀವು ಹಾಗೆ ಮಾಡಬೇಡಿ

ಬೇಸ್ ಗಿಟಾರ್ ನುಡಿಸುವವರು, ಅದರಲ್ಲೂ ಸ್ವಂತ ಆ್ಯಂಪ್ ಕೊಳ್ಳಬೇಕು ಅಂತ ದುಡ್ಡು ಕೂಡಿಡುತ್ತಿರುವವರು ಇದನ್ನು ಓದಿ. ನಾಲ್ಕು ತಿಂಗಳಲ್ಲಿ 41,000 ರೂಪಾಯಿ ಖರ್ಚು ಮಾಡಿದೆ. ಅದರಲ್ಲಿ ಈಗ ಉಳಿದದ್ದು ಸ್ಪೀಕರಿನ ಎರಡು ಮರದ ಪೆಟ್ಟಿಗೆ ಮತ್ತು ಒಂದು ಸುಟ್ಟ ವಾಸನೆಯ ಹೆಡ್, ಅಂದರೆ ಸ್ಪೀಕರ್ ಇಲ್ಲದ ಬರೀ ಆ್ಯಂಪ್. ಮಾರಿದವರು ಮೋಸ ಮಾಡಿದರು ಅಂತ ಹೇಳುವ ಹಾಗೂ ಇಲ್ಲ. ಎಲ್ಲವೂ ಆ ಹೆಡ್‌ನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ನಾನು ಎದುರಿನ ದೊಡ್ಡ ಅಕ್ಷರ ಮಾತ್ರ ಓದಿದೆ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಹದಿನಾಲ್ಕು ವರ್ಷಗಳಿಂದ ಬೇಸ್ ನುಡಿಸುತ್ತೇನೆ. ದೇವಸ್ಥಾನದ ಜಾತ್ರೆಗೆ ಭಕ್ತಿ ರಸಮಂಜರಿ, ಕ್ಲಬ್‌ನವರ ವಾರ್ಷಿಕೋತ್ಸವಕ್ಕೆ ಗಾನಮೇಳ, ಬೇಳ ಕಡೆಯ ಮದುವೆಗಳಿಗೆ ಕೊಂಕಣಿ ಹಾಡು. ಒಂದೇ ರಾತ್ರಿ ಕನ್ನಡ, ಮಲಯಾಳ, ತುಳು, ಹಿಂದಿ ಎಲ್ಲ ಬರುತ್ತದೆ. ಇಷ್ಟು ವರ್ಷ ನನ್ನ ಬೇಸ್ ನೇರ ಸೌಂಡ್‌ನವರ ಮಿಕ್ಸರ್‌ಗೆ ಹೋಗುತ್ತಿತ್ತು. ಜನರಿಗೆ ಕೇಳುತ್ತಿತ್ತು, ನನಗೆ ಕೇಳುತ್ತಿರಲಿಲ್ಲ. ಸ್ಟೇಜಿನ ಮಾನಿಟರ್ ಎಲ್ಲ ಹಾಡುವವರಿಗೆ. ಡ್ರಮ್ಸ್‌ನವನ ಕಾಲು ನೋಡಿಕೊಂಡು ನುಡಿಸಿದ ದಿನಗಳೂ ಉಂಟು. ಒಮ್ಮೆ ಗೆಳೆಯನ ಗಿಟಾರ್ ಆ್ಯಂಪ್‌ಗೆ ಹಾಕಿ ನೋಡಿದೆ. ಅರ್ಧ ಗಂಟೆಯಲ್ಲಿ ಅವನ ಸ್ಪೀಕರ್‌ನ ಕೋನ್ ಹರಿಯಿತು. ಬೇಸ್‌ಗೆ ಬೇರೆಯೇ ಆ್ಯಂಪ್ ಬೇಕು ಅಂತ ಅಮೆರಿಕದ ಗಿಟಾರ್ ಕಂಪನಿ ಫೆಂಡರ್‌ನವರಿಗೆ 1952ರಲ್ಲೇ ಗೊತ್ತಾಗಿತ್ತು. ಹಾಗಾಗಿಯೇ ಅವರು ಬೇಸ್‌ಮ್ಯಾನ್ ಎನ್ನುವ ಆ್ಯಂಪ್ ಮಾಡಿದ್ದು. (ಆಮೇಲೆ ಅದನ್ನೂ ಗಿಟಾರ್‌ನವರೇ ಎತ್ತಿಕೊಂಡು ಹೋದರು, ಆ ಮಾತು ಬೇರೆ.) ನನಗೆ ಗೊತ್ತಾಗಲು ಗೆಳೆಯನ ಸ್ಪೀಕರ್ ಹರಿಯಬೇಕಾಯಿತು.

ಆಗ ಸಿಕ್ಕಿದ್ದು ಈ ಸೆಟ್. ಉಪ್ಪಳ ಕಡೆಯ ಒಂದು ಮನೆ, ಗಲ್ಫ್‌ನಿಂದ ಊರಿಗೆ ಬಂದು ನೆಲೆಸಿದವರು. ಗಲ್ಫ್‌ನಿಂದ ತಂದದ್ದು ಅಂದರೆ ನಮ್ಮ ಕಡೆ ಅದೇ ಅರ್ಧ ಸರ್ಟಿಫಿಕೇಟ್, ಅಲ್ವಾ? ಕೈಯಲ್ಲಿ ಎತ್ತಿದರೆ ಮೂರೂವರೆ ಕಿಲೋ ಇರಬಹುದಾದ ಪುಟ್ಟ ಹೆಡ್. ಎದುರಿಗೆ ದೊಡ್ಡದಾಗಿ 1000 ಅಂತ ಬರೆದಿತ್ತು. ಜೊತೆಗೆ 15 ಇಂಚಿನ ಒಂದು ಸ್ಪೀಕರ್ ಕ್ಯಾಬಿನೆಟ್, ಮತ್ತು ಇಟ್ಟಿಗೆಯಷ್ಟು ಭಾರದ ಒಂದು ಕಪ್ಪು ಪೆಟ್ಟಿಗೆ. ಎಲ್ಲ ಸೇರಿ 32,000. ಆ ಕಪ್ಪು ಪೆಟ್ಟಿಗೆ ಎಂತಕ್ಕೆ ಅಂತ ಕೇಳಿದೆ. "ಅದು ಕರೆಂಟಿಗೆ, ಅದರ ಮೂಲಕವೇ ಹಾಕಬೇಕು" ಅಂದರು. ಸರಿ ಅಂದೆ. ಅಷ್ಟೇ ಕೇಳಿದ್ದು ನಾನು.

ಪರೀಕ್ಷೆ ನಡೆದದ್ದು ಅವರ ಚಾವಡಿಯಲ್ಲಿ. ಚಹಾ ಬಂತು, ಬಾಳೆಹಣ್ಣಿನ ಪೋಡಿ ಬಂತು. "ಒಳಗೆ ಮಗು ಮಲಗಿದೆ, ಸ್ವಲ್ಪ ಮೆಲ್ಲ" ಅಂದರು. ವಾಲ್ಯೂಮ್ ಎರಡಕ್ಕಿಂತ ಮೇಲೆ ಹೋಗಲಿಲ್ಲ. ನಾನೂ ಸುಮ್ನೆ ಮೇಲಿನ ಸ್ವರದ ಎರಡು ತಂತಿಯಲ್ಲಿ ಒಂದಷ್ಟು ಕಸರತ್ತು ಮಾಡಿದೆ. ಜೇನಿನಂಥ ಶಬ್ದ. ಅಲ್ಲೇ ದುಡ್ಡು ಕೊಟ್ಟೆ. ಕಾರ್ಯಕ್ರಮದಲ್ಲಿ ನನ್ನ ಕೆಲಸ ಮುಕ್ಕಾಲು ಪಾಲು ಕೆಳಗಿನ ಸ್ವರದ ಎರಡು ತಂತಿಯಲ್ಲಿ. ಅದನ್ನು ಆ ಮನೆಯಲ್ಲಿ ಮುಟ್ಟಲೇ ಇಲ್ಲ.

ಮೊದಲ ಕಾರ್ಯಕ್ರಮ ಕುಂಬಳೆಯಲ್ಲಿ, ಮದುವೆ ರಿಸೆಪ್ಶನ್. ಡ್ರಮ್ಸ್ ಶುರುವಾದದ್ದೇ ತಡ, ನನ್ನ 1000 ವಾಟ್ಸ್ ಎಲ್ಲಿ ಹೋಯಿತು ಅಂತ ಹುಡುಕಬೇಕಾಯಿತು. ಜಾಸ್ತಿ ಮಾಡಿದರೆ ಕೆಳಗಿನ ಸ್ವರಗಳು ಒಡೆದ ಮಡಕೆಯ ಹಾಗೆ ಬರ್ರ್ ಅನ್ನುತ್ತಿದ್ದವು.

ಇಲ್ಲಿ ಸ್ವಲ್ಪ ನಿಂತು ವಿಷಯ ಹೇಳುತ್ತೇನೆ. ಆಗ ನನಗೆ ಇದು ಗೊತ್ತಿದ್ದರೆ ಆ ಚಾವಡಿಯಿಂದ ಚಹಾ ಕುಡಿದು ಬರುತ್ತಿದ್ದೆ.

ಎದುರಿಗೆ ಬರೆದ 1000 ಎನ್ನುವುದು ಪೀಕ್, ಅಂದರೆ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು ಕೊಡಬಲ್ಲದ್ದು. ನಿರಂತರವಾಗಿ ಕೊಡುವ ಲೆಕ್ಕ ಆರ್‌ಎಂಎಸ್. ಅದು ಈ ಹೆಡ್‌ನಲ್ಲಿ 500. ಆ 500 ಕೂಡ 4 ಓಮ್‌ನ ಸ್ಪೀಕರ್ ಹಾಕಿದರೆ ಮಾತ್ರ. (ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಲೆಕ್ಕ.) ನನ್ನ 15 ಇಂಚಿನದ್ದು 8 ಓಮ್. ಓಮ್ ಎರಡು ಪಟ್ಟಾದರೆ ಇಂಥ ಹೆಡ್‌ನಿಂದ ಹೊರಗೆ ಬರುವುದು ಹೆಚ್ಚು ಕಡಿಮೆ ಅರ್ಧ. ನನ್ನದರ ಪುಸ್ತಕದಲ್ಲಿ 270 ಅಂತ ಇತ್ತು. ಹಾಗೆ 1000 ಎನ್ನುವುದು 270ಕ್ಕೆ ಬಂತು.

ವಾಟ್ಸ್ ಎರಡು ಪಟ್ಟು ಮಾಡಿದರೆ ಶಬ್ದವೂ ಎರಡು ಪಟ್ಟಾಗುತ್ತದೆ ಅಂತ ನಾನು ತಿಳಿದಿದ್ದೆ. ಇಲ್ಲ. ಎರಡು ಪಟ್ಟು ವಾಟ್ಸ್‌ಗೆ ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ "ಹೌದು, ಸ್ವಲ್ಪ ಜಾಸ್ತಿ ಆಯಿತು" ಅನಿಸುವಷ್ಟು. ಕಿವಿಗೆ ಎರಡು ಪಟ್ಟು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ಸ್ ಬೇಕು. ಅದಕ್ಕೇ ಸ್ಪೀಕರ್‌ನ ಸೆನ್ಸಿಟಿವಿಟಿ ನೋಡಿ. 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅಂತ ಬರೆದಿರುತ್ತಾರೆ. 95 ಇರುವ ಸ್ಪೀಕರ್‌ನ ಬದಲು 98 ಇರುವುದನ್ನು ತೆಗೆದುಕೊಂಡರೆ ಆ್ಯಂಪ್ ಎರಡು ಪಟ್ಟು ದೊಡ್ಡದು ತಂದ ಹಾಗೆ. ಇದನ್ನು ಎದುರಿಗೆ ದೊಡ್ಡ ಅಕ್ಷರದಲ್ಲಿ ಯಾರೂ ಬರೆಯುವುದಿಲ್ಲ.

ಇನ್ನು ಕೆಳಗಿನ ತಂತಿ. ನಾಲ್ಕು ತಂತಿಯ ಬೇಸ್‌ನಲ್ಲಿ ತೀರಾ ಕೆಳಗಿನ ಇ ಸ್ವರ 41 ಹರ್ಟ್ಸ್. ಐದು ತಂತಿಯದ್ದಾದರೆ ಬಿ, 31 ಹರ್ಟ್ಸ್. ಇಷ್ಟು ಕೆಳಗಿನದ್ದಕ್ಕೆ ನಮ್ಮ ಕಿವಿಯೇ ಮಂದ. ಯಕ್ಷಗಾನ ನೋಡಿದವರಿಗೆ ಹೇಳಬೇಕಾಗಿಲ್ಲ. ಚೆಂಡೆ ಗುಡ್ಡದಾಚೆಗೂ ಕೇಳುತ್ತದೆ, ಮದ್ದಳೆಯ ಸುಖ ಹತ್ತಿರ ಕೂತವರಿಗೆ. ಗಿಟಾರ್‌ನವನು 50 ವಾಟ್ಸ್‌ನಲ್ಲಿ ಇಡೀ ಹಾಲ್ ತುಂಬಿಸುತ್ತಾನೆ. ಅವನ ಪಕ್ಕದಲ್ಲಿ ಸರಿಯಾಗಿ ಕೇಳಬೇಕಾದರೆ ಬೇಸ್‌ನವನಿಗೆ ಎಷ್ಟೋ ಪಟ್ಟು ಬೇಕು. ಅವನ ವಾಟ್ಸ್ ನೋಡಿ ನಮ್ಮದನ್ನು ಅಳೆಯಬಾರದು.

ಇದನ್ನೆಲ್ಲ ಆಗ ಅರ್ಧಂಬರ್ಧ ಓದಿದೆ. ಅರ್ಧ ಓದಿದ್ದೇ ಪೂರ್ತಿ ಕೆಡಿಸಿತು. "ಓಮ್ ಕಡಿಮೆ ಆದರೆ ವಾಟ್ಸ್ ಜಾಸ್ತಿ" ಅಂತ ಒಂದು ಸಾಲು ತಲೆಯಲ್ಲಿ ಕೂತಿತು. ಕಾಸರಗೋಡಿನಲ್ಲಿ ಒಬ್ಬರ ಬಳಿ 10 ಇಂಚಿನ ಎರಡು ಸ್ಪೀಕರ್ ಇರುವ ಹಳೆಯ ಕ್ಯಾಬ್ ಇತ್ತು, 6,500 ರೂಪಾಯಿ. ಅದು 4 ಓಮ್. ತಂದು 15 ಇಂಚಿನದ್ದರ ಜೊತೆ ಜೋಡಿಸಿದೆ. 8 ಓಮ್ ಮತ್ತು 4 ಓಮ್ ಪ್ಯಾರಲಲ್ ಆಗಿ ಸೇರಿದರೆ 12 ಆಗುವುದಿಲ್ಲ, 6 ಕೂಡ ಆಗುವುದಿಲ್ಲ. ಎರಡನ್ನೂ ಗುಣಿಸಿ, ಕೂಡಿಸಿದ್ದರಿಂದ ಭಾಗಿಸಬೇಕು. 32 ಭಾಗಿಸು 12. ಅಂದರೆ 2.67 ಓಮ್. ಹೆಡ್‌ನ ಹಿಂದೆ "ಕನಿಷ್ಠ 4 ಓಮ್" ಅಂತ ಬರೆದಿತ್ತು. ಎರಡು ಕ್ಯಾಬ್ ಬೇಕೇ ಬೇಕು ಅಂದರೆ ಎರಡೂ 8 ಓಮ್ ಆಗಿರಬೇಕಿತ್ತು. ಆಗ ಸರಿಯಾಗಿ 4 ಸಿಗುತ್ತಿತ್ತು.

ಸಾಲದ್ದಕ್ಕೆ ಎರಡನೇ ಕ್ಯಾಬ್‌ಗೆ ಗಿಟಾರ್ ಕೇಬಲ್ ಹಾಕಿದೆ. ಎರಡೂ ತುದಿಯಲ್ಲಿ ಅದೇ ಕಾಲಿಂಚಿನ ಜ್ಯಾಕ್, ಹೊರಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಳಗೆ ಗಿಟಾರ್ ಕೇಬಲ್‌ನದ್ದು ಕೂದಲಿನಂಥ ಒಂದು ತಂತಿ, ಅದರ ಸುತ್ತ ಜಾಲರಿ. ಸ್ಪೀಕರ್ ಕೇಬಲ್‌ನಲ್ಲಿ ದಪ್ಪದ ಎರಡು ತಂತಿ ಇರುತ್ತವೆ. ಎರಡು ಹಾಡು ಆಗುವಾಗ ನನ್ನ ಕೇಬಲ್ ಮುಟ್ಟಿದರೆ ಬೆಚ್ಚಗೆ ಇತ್ತು. ತಿರುಗಿಸಿ ಲಾಕ್ ಮಾಡುವ ಸ್ಪೀಕಾನ್ ಕನೆಕ್ಟರ್ ಇರುವ ಹೆಡ್ ಮತ್ತು ಕ್ಯಾಬ್ ತೆಗೆದುಕೊಂಡರೆ ಇಂಥ ಅದಲು ಬದಲು ಆಗುವುದೇ ಇಲ್ಲ.

ಈಗ ಆ ರಾತ್ರಿಯ ಕಥೆ. ಮುಳ್ಳೇರಿಯ ಕಡೆ ಒಂದು ಜಾತ್ರೆ, ಗದ್ದೆಯಲ್ಲಿ ಸ್ಟೇಜ್. ಎರಡು ಕ್ಯಾಬ್ ಒಂದರ ಮೇಲೆ ಒಂದು ಇಟ್ಟು, ನಾನು ಅದರ ಎದುರು ಎದೆ ಉಬ್ಬಿಸಿಕೊಂಡು ನಿಂತಿದ್ದೆ. ಶಬ್ದ ನಿಜವಾಗಿಯೂ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆರನೇ ಹಾಡಿನ ನಡುವೆ ಟಕ್ ಅಂತ ನಿಂತಿತು. ಕೆಂಪು ದೀಪ. ಅದು ಪ್ರೊಟೆಕ್ಟ್ ದೀಪ. ಹೊರೆ ಜಾಸ್ತಿ ಆಯಿತು, ನನಗೆ ಆಗುವುದಿಲ್ಲ ಅಂತ ಹೆಡ್ ತಾನೇ ಕೈ ಮುಗಿದು ಕೂತದ್ದು. ಒಂದು ಕ್ಯಾಬ್ ತೆಗೆದು ಹತ್ತು ನಿಮಿಷ ತಣಿಯಲು ಬಿಟ್ಟಿದ್ದರೆ ಬದುಕುತ್ತಿತ್ತು.

ಸಹಾಯಕ್ಕೆ ನಿಂತಿದ್ದ ಹುಡುಗ ಓಡಿ ಬಂದ. ಕಪ್ಪು ಪೆಟ್ಟಿಗೆ ಮುಟ್ಟಿ ನೋಡಿದ, ಬಿಸಿ ಇತ್ತು. "ಅಣ್ಣಾ, ಈ ಪೆಟ್ಟಿಗೆಯದ್ದೇ ತೊಂದರೆ" ಅಂದ. ನಾನು ನುಡಿಸಲಾಗದೆ ನಗುತ್ತಾ ತಲೆ ಆಡಿಸುತ್ತಿದ್ದೆ. ಅವನು ಅದನ್ನು ಹೌದು ಅಂತ ತಿಳಿದ. ಪೆಟ್ಟಿಗೆ ಬದಿಗಿಟ್ಟು, ಒಂದು ಅಡಾಪ್ಟರ್ ಸಿಕ್ಕಿಸಿ, ಹೆಡ್‌ನ ವಯರನ್ನು ನೇರ ಬೋರ್ಡಿಗೆ ಹಾಕಿದ.

ಪಟಾಕಿಯಂತೆ ಒಂದು ಶಬ್ದ. ಆಮೇಲೆ ಹೊಗೆ. ಮುಂದಿನ ಸಾಲಿನ ಮಕ್ಕಳು ಚಪ್ಪಾಳೆ ತಟ್ಟಿದರು.

ಹೆಡ್ ಗಲ್ಫ್‌ನಿಂದ ಬಂದದ್ದು ನಿಜ, ಆದರೆ ಹುಟ್ಟಿದ್ದು ಅಮೆರಿಕದ ಕರೆಂಟಿಗೆ. ಯಾರೋ ಅಲ್ಲಿಂದ ದುಬೈಗೆ ತಂದಿದ್ದರಂತೆ. ದುಬೈನಲ್ಲೂ ನಮ್ಮ ಹಾಗೆಯೇ 230 ವೋಲ್ಟ್ ಆದ್ದರಿಂದ ಅಲ್ಲಿಯೂ ಅದು ವೋಲ್ಟ್ ಇಳಿಸುವ ಆ ಕಪ್ಪು ಪೆಟ್ಟಿಗೆ ಕಟ್ಟಿಕೊಂಡೇ ಬದುಕಿತ್ತು. ಹಿಂದೆ ಬರೆದದ್ದು 120 ವೋಲ್ಟ್, 60 ಹರ್ಟ್ಸ್. ಕೊಂಡ ದಿನ ಆ ಒಂದು ಸಾಲು ಓದಿದ್ದರೆ ಸಾಕಿತ್ತು. ಮಂಗಳೂರಿನ ರಿಪೇರಿಯವರು ಬಿಚ್ಚಿ ತೋರಿಸಿದರು. ಕರೆಂಟ್ ಒಳಗೆ ಹೋಗಿ ಡಿಸಿ ಆಗುವಾಗ ಒಂದೂ ಕಾಲಿಗಿಂತ ಜಾಸ್ತಿ ಪಟ್ಟು ಏರುತ್ತದೆ, ಸರಿಯಾಗಿ ಹೇಳಿದರೆ 1.41 ಪಟ್ಟು. 120 ಇದ್ದದ್ದು ಸುಮಾರು 170 ಆಗುತ್ತದೆ. ಅಲ್ಲಿರುವ ಕೆಪಾಸಿಟರ್ 200 ವೋಲ್ಟಿನದ್ದು. ಅದರ ಮೇಲೆ ನಮ್ಮ 230 ಹೋಗಿ 325 ಆಗಿ ಬಿದ್ದಿದೆ. ಹೊಟ್ಟೆ ಒಡೆದು ಪಕ್ಕದ್ದನ್ನೂ ಸುಟ್ಟಿದೆ. "ಪವರ್ ಬೋರ್ಡ್ ಇಡೀ ಬದಲಿಸಬೇಕು, ಇಲ್ಲಿ ಸಿಗುವುದಿಲ್ಲ" ಅಂದರು. ಕೆಲವು ಹೆಡ್‌ಗಳು 100ರಿಂದ 240ರ ತನಕ ತಾವೇ ಹೊಂದಿಕೊಳ್ಳುತ್ತವೆ, ಕೆಲವಕ್ಕೆ ಹಿಂದೆ ಸ್ವಿಚ್ ಇರುತ್ತದೆ. ನನ್ನದಕ್ಕೆ ಎರಡೂ ಇರಲಿಲ್ಲ. ಹುಡುಗನಿಗೆ ಬೈಯಲಿಲ್ಲ. ಅಂಥ ಸಾಮಾನನ್ನು ಸ್ಟೇಜಿಗೆ ತಂದವನು ನಾನು. ಕತ್ತಲೆಯಲ್ಲಿ, ಗಡಿಬಿಡಿಯಲ್ಲಿ, ಯಾರಾದರೂ ಒಂದು ದಿನ ಹಾಗೆ ಹಾಕಿಯೇ ಹಾಕುತ್ತಿದ್ದರು.

ನನಗೆ ನಿಜವಾಗಿ ಉರಿದದ್ದು ಆಮೇಲೆ. ಸೌಂಡ್‌ನವರು ಒಂದು ಸಣ್ಣ ಡಿಐ ಬಾಕ್ಸ್ ಕೊಟ್ಟರು, ಅಂಗೈಯಷ್ಟು ದೊಡ್ಡದು. ಬೇಸ್ ಅದಕ್ಕೆ, ಅದರಿಂದ ಮೈಕ್ ಕೇಬಲ್‌ನಲ್ಲಿ ಮಿಕ್ಸರ್‌ಗೆ. ಅವರ 18 ಇಂಚಿನ ಸಬ್‌ಗಳಲ್ಲಿ, ಅಂದರೆ ಕೆಳಗಿನ ಸ್ವರಕ್ಕೇ ಇರುವ ಸ್ಪೀಕರ್‌ಗಳಲ್ಲಿ, ನನ್ನ ಬೇಸ್ ಗದ್ದೆಯ ಆ ತುದಿಗೂ ಹೋಯಿತು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಬಂದು "ಎರಡನೇ ಭಾಗದಲ್ಲಿ ಬೇಸ್ ಭಾರಿ ಲಾಯ್ಕ ಇತ್ತು ಮಾರಾಯ್ರೆ" ಅಂದರು. ಎಂತ ಹೇಳಲಿ?

ಎಫೆಕ್ಟ್ ಪೆಡಲ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಲ್ಲೂ ಒಂದಷ್ಟು ಕಳಕೊಂಡಿದ್ದೇನೆ, 41,000ದ ಹೊರಗೆ. ಕೆಳಗಿನ ಸ್ವರ ಸೇರಿಸುವ ಆಕ್ಟೇವ್ ಪೆಡಲ್ ಮನೆಯಲ್ಲಿ ಅದ್ಭುತ, ಬಯಲಿನಲ್ಲಿ ಬರೀ ಗುಂಯ್. ಶಬ್ದವನ್ನು ಒರಟು ಮಾಡುವ ಓವರ್‌ಡ್ರೈವ್ ಬೇಕಾದರೆ, ಮೂಲ ಶಬ್ದವನ್ನೂ ಬೆರೆಸುವ ಬ್ಲೆಂಡ್ ನಾಬ್ ಇರುವುದನ್ನೇ ನೋಡಿ, ಇಲ್ಲದಿದ್ದರೆ ಕೆಳಗಿನ ಸ್ವರವೇ ಮಾಯ. ಜೋರು, ಮೆಲ್ಲ ಎರಡನ್ನೂ ಸಮ ಮಾಡುವ ಕಂಪ್ರೆಸರ್ ಒಂದು ಕೆಲಸಕ್ಕೆ ಬಂತು. ಪೆಡಲ್‌ಗಳು ಬಹುಪಾಲು 9 ವೋಲ್ಟ್, ಸೆಂಟರ್ ನೆಗೆಟಿವ್, ಅಂದರೆ ಪಿನ್‌ನ ನಡುಭಾಗ ಮೈನಸ್. ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರ್‌ನ ಪಿನ್ ಕೂತಿತು ಅಂತ ಹಾಕಬೇಡಿ. ನಾನು ಹಾಕಿದ್ದೆ, ಕೀಬೋರ್ಡಿನದ್ದು.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಗುಂಯ್ ಶಬ್ದ ಬರುತ್ತದೆ ಅಂತ ಪ್ಲಗ್‌ನ ಅರ್ತ್ ಪಿನ್ ಕತ್ತರಿಸುವವರನ್ನು ನಮ್ಮ ಕಡೆ ಎಷ್ಟೋ ನೋಡಿದ್ದೇನೆ. ಬೇಡ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. ಮಳೆ ಬಂದು ನೆಲ ಒದ್ದೆ ಇರುವಾಗ ಅದು ಜೀವ ತೆಗೆಯುವ ಆಟ. ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಅಂತ ಸ್ವಿಚ್ ಇರುತ್ತದೆ, ಅದು ಇರುವುದೇ ಆ ಗುಂಯ್ ನಿಲ್ಲಿಸುವುದಕ್ಕೆ.

ಈಗ ನಾನು ಬಳಸುವುದು ನನ್ನದೇ ಒಂದು ಡಿಐ, ಮತ್ತು 12 ಇಂಚಿನ ಒಂದು ಕಾಂಬೋ, ಅಂದರೆ ಆ್ಯಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ ಇರುವುದು. 200 ವಾಟ್ಸ್ ಆರ್‌ಎಂಎಸ್, 230 ವೋಲ್ಟ್. ಅದು ನನ್ನ ಕಿವಿಗೆ ಮಾತ್ರ, ಜನರಿಗೆ ಸೌಂಡ್‌ನವರು ಇದ್ದಾರೆ. ಸೌಂಡ್‌ನವರ ಬಳಿ ಸಬ್ ಇಲ್ಲದ ಸಣ್ಣ ಹಾಲ್ ಆದರೆ ಅದೇ ಸಾಕಾಗುತ್ತದೆ. ಆಟೋದ ಹಿಂದೆ ಹಿಡಿಯುತ್ತದೆ. ಕೊಳ್ಳುವಾಗ ನನ್ನ ಬೇಸ್ ತೆಗೆದುಕೊಂಡು ಹೋಗಿ, ಡ್ರಮ್ಸ್‌ನವನನ್ನೂ ಕರೆದುಕೊಂಡು ಹೋಗಿ, ಇ ತಂತಿ ಒಂದನ್ನೇ ಹದಿನೈದು ನಿಮಿಷ ಬಾರಿಸಿದೆ. ಅಂಗಡಿಯವರಿಗೆ ಸಾಕಾಯಿತು.

15 ಇಂಚಿನ ಆ ಕ್ಯಾಬ್ ಮಾರುವುದಕ್ಕೆ ಉಂಟು. 8 ಓಮ್, ಸ್ಪೀಕರ್‌ಗೆ ಏನೂ ಆಗಿಲ್ಲ. ಬೇಕಾದವರು ನಿಮ್ಮ ಬೇಸ್ ಮತ್ತು ಹೆಡ್ ಹಿಡಿದುಕೊಂಡೇ ಬನ್ನಿ, ಪೂರ್ತಿ ವಾಲ್ಯೂಮ್‌ನಲ್ಲಿ ನುಡಿಸಿ ನೋಡಿ. ಸುತ್ತ ಅಡಿಕೆ ತೋಟ, ನಮ್ಮ ಮನೆಯಲ್ಲಿ ಮಲಗಿದ ಮಗು ಇಲ್ಲ.