ಬೇರ್ ಬ್ಲಾಗ್, ರೈಟ್‌ಫ್ರೀಲಿ, ಹ್ಯೂಗೋ: ಕನ್ನಡದಲ್ಲಿ ಬರೆಯುವವರಿಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ಬ್ಲಾಗ್ ಬರೆಯಲು ಇರುವ ಈ ಮೂರು ಸಾಧನಗಳಲ್ಲಿ ನನ್ನ ಆಯ್ಕೆ ಬೇರ್ ಬ್ಲಾಗ್. ಫೋನಿನಲ್ಲೇ ಬರೆದು, ಅಲ್ಲೇ ತಿದ್ದಿ, ಅಲ್ಲಿಂದಲೇ ಪ್ರಕಟಿಸುವ ರೂಢಿ ನನ್ನದು. ಡೊಮೇನಿಗೆ ಹೇಗೂ ವರ್ಷವರ್ಷ ದುಡ್ಡು ಕಟ್ಟುತ್ತೇನೆ, ಅದರ ಜೊತೆ ವೇದಿಕೆಗೂ ಒಂದಿಷ್ಟು ಕೊಡುವುದು ನನಗೆ ಭಾರವಲ್ಲ. ಈ ಎರಡರಲ್ಲಿ ಒಂದು ನಿಮಗೆ ಹೊಂದದಿದ್ದರೂ ತೀರ್ಮಾನ ಬದಲಾಗಬಹುದು.

ಪುಟ ಹಗುರ, ಜಾಹೀರಾತಿಲ್ಲ, ಮಾರ್ಕ್‌ಡೌನ್ ಇದೆ ಎಂಬುದೆಲ್ಲ ಮೂರಕ್ಕೂ ಅನ್ವಯಿಸುತ್ತದೆ, ಅದನ್ನು ಬಿಡೋಣ. ಕನ್ನಡದಲ್ಲಿ ಬರೆಯುವವರನ್ನು ಕಾಡುವುದು ಬೇರೆಯದೇ ಒಂದು ಸಂಗತಿ: ಪೋಸ್ಟಿನ ವಿಳಾಸ.

ಶೀರ್ಷಿಕೆ ಕೊಟ್ಟ ಕೂಡಲೇ ವೇದಿಕೆ ಅದರಿಂದ ವಿಳಾಸದ ಕೊನೆಯ ತುಂಡನ್ನು, ಅಂದರೆ ಸ್ಲಗ್ಅನ್ನು, ತಾನೇ ತಯಾರಿಸುತ್ತದೆ. ಬೇರ್ ಕಟ್ಟಿರುವುದು ಪೈಥಾನ್ ಭಾಷೆಯ ಜ್ಯಾಂಗೋ ಎಂಬ ವೆಬ್ ಚೌಕಟ್ಟಿನ ಮೇಲೆ. ಜ್ಯಾಂಗೋದಲ್ಲಿರುವ ಸ್ಲಗಿಫೈ ಫಂಕ್ಷನ್, ಯೂನಿಕೋಡ್ ಉಳಿಸು ಎಂದು ಹೇಳದ ಹೊರತು, ಆಸ್ಕಿಯಲ್ಲಿಲ್ಲದ, ಅಂದರೆ ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳ ಆಚೆಗಿನ, ಅಕ್ಷರಗಳನ್ನೆಲ್ಲ ಕಿತ್ತುಹಾಕುತ್ತದೆ. ‘ಮಳೆಗಾಲ 2024’ ಎಂಬ ಶೀರ್ಷಿಕೆಯಲ್ಲಿ ಉಳಿಯುವುದು ಬರೀ 2024. ‘ಬೇಸಿಗೆ 2024’ ಬರೆದರೆ ಅದಕ್ಕೂ ಅದೇ ಗತಿ. ಪೂರ್ತಿ ಕನ್ನಡದ ಶೀರ್ಷಿಕೆಯಾದರೆ ಉಳಿಯುವುದು ಸೊನ್ನೆ. ಆಗ ಯಾವ ವೇದಿಕೆಯಾದರೂ ಏನೋ ಒಂದನ್ನು ತಾನೇ ತುಂಬಬೇಕಾಗುತ್ತದೆ, ಅದರಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ಇನ್ನು ಕೆಲವು ಸಾಫ್ಟ್‌ವೇರ್‌ಗಳು ಯೂನಿಡಿಕೋಡ್ ಬಗೆಯ ಲೈಬ್ರರಿ ಹಿಡಿದು ಕನ್ನಡವನ್ನು ರೋಮನ್‌ಗೆ ತಿರುಗಿಸುತ್ತವೆ. ಅಲ್ಲಿ ವ್ಯಂಜನದೊಳಗಿನ ಅಕಾರ ಬಿದ್ದುಹೋಗಿ ಎಷ್ಟೋ ಕಡೆ ಬರೀ ವ್ಯಂಜನಗಳ ಗುಂಪು ಉಳಿಯುತ್ತದೆ.

ನಿಮ್ಮ ಫೈಲುಗಳಿಂದ ತಾಣದ ಪುಟಗಳನ್ನು ಕಟ್ಟುವ (ಬಿಲ್ಡ್ ಮಾಡುವ) ಹ್ಯೂಗೋ ಇಲ್ಲಿ ಮರ್ಯಾದಸ್ಥ, ಕನ್ನಡವನ್ನು ಹಾಗೇ ಉಳಿಸುತ್ತದೆ. ಆದರೆ ಆ ಲಿಂಕನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸಿ ನೋಡಿ. ಕಂಪ್ಯೂಟರು ಅಕ್ಷರಗಳನ್ನು ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರ-ಚಿಹ್ನೆಗೆ, ಅಂದರೆ ಕೋಡ್‌ಪಾಯಿಂಟಿಗೆ 3 ಬೈಟ್, ಲಿಂಕಿನಲ್ಲಿ ಪ್ರತಿ ಬೈಟಿಗೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. ‘ಕನ್ನಡ’ ಎಂಬ ಪದದಲ್ಲಿ ಅರ್ಧಾಕ್ಷರ ಮಾಡುವ ಚಿಹ್ನೆಯೂ (್) ಸೇರಿ 5 ಕೋಡ್‌ಪಾಯಿಂಟ್. ಲಿಂಕಿನಲ್ಲಿ ಅದೊಂದೇ ಪದ 45 ಅಕ್ಷರವಾಗುತ್ತದೆ. ಐದಾರು ಪದದ ಶೀರ್ಷಿಕೆ ಮೆಸೇಜಿನಲ್ಲಿ ಅರ್ಧ ಪರದೆ ತುಂಬುತ್ತದೆ, ಈಮೇಲಿನಲ್ಲಿ ನಡುವೆ ಮುರಿದು ಲಿಂಕೇ ಕೆಡಬಹುದು. ಲಿನಕ್ಸ್ ಫೈಲ್ ಹೆಸರಿಗೆ 255 ಬೈಟಿನ ಮಿತಿ ಇರುವುದರಿಂದ ಹೆಸರು 85 ಕೋಡ್‌ಪಾಯಿಂಟ್ ದಾಟುವಂತಿಲ್ಲ. ಇನ್ನೊಂದು ಎಚ್ಚರಿಕೆ: ಹ್ಯೂಗೋ ಸೆಟ್ಟಿಂಗ್‌ನಲ್ಲಿ ‘ರಿಮೂವ್‌ಪಾತ್‌ಆ್ಯಕ್ಸೆಂಟ್ಸ್’ ಎಂಬುದನ್ನು ಆನ್ ಮಾಡಲೇಬೇಡಿ. ಅದು ಇರುವುದು ಯುರೋಪಿನ ಭಾಷೆಗಳ ಮೇಲ್ಗುರುತು ತೆಗೆಯುವುದಕ್ಕೆ. ಆದರೆ ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಅರ್ಧಾಕ್ಷರದ ಚಿಹ್ನೆ, ಗುಡಿಸು, ಎತ್ವ ಎಲ್ಲವೂ ಅದೇ ವರ್ಗಕ್ಕೆ ಸೇರಿವೆ. ‘ಕನ್ನಡ’ ಹೋಗಿ ‘ಕನನಡ’ ಆಗುತ್ತದೆ.

ಇದಕ್ಕೆ ಪರಿಹಾರ ಒಂದೇ, ಸ್ಲಗ್ಅನ್ನು ಕೈಯಾರೆ ಬರೆಯುವುದು. ಮೂರು ನಾಲ್ಕು ರೋಮನ್ ಪದ, ಎಲ್ಲ ಸಣ್ಣಕ್ಷರ, ನಡುವೆ ಅಡ್ಡಗೆರೆ, ತಾರೀಖು ಬೇಡ. ಬೇರ್ ನನಗೆ ಹಿಡಿಸಿದ್ದು ಇಲ್ಲೇ. ಪೋಸ್ಟಿನ ನೆತ್ತಿಯ ಮೇಲಿನ ಪುಟ್ಟ ಚೌಕದಲ್ಲಿ ಶೀರ್ಷಿಕೆಯ ಕೆಳಗೆ ‘ಲಿಂಕ್’ ಎಂಬ ಸಾಲು ಸೇರಿಸಿದರೆ ಮುಗಿಯಿತು. ಹಳೆಯ ವಿಳಾಸವೊಂದು ಇದ್ದರೆ ‘ಅಲಿಯಾಸ್’ ಸಾಲಿನಲ್ಲಿ ಅದನ್ನೂ ಕೊಡಬಹುದು, ಹಳೆ ಲಿಂಕ್ ಒತ್ತಿದವರು ಹೊಸದಕ್ಕೆ ಬರುತ್ತಾರೆ. ಹ್ಯೂಗೋದಲ್ಲೂ ಫೈಲಿನ ತಲೆಯಲ್ಲಿ ಬರುವ ಫ್ರಂಟ್ ಮ್ಯಾಟರ್‌ನಲ್ಲಿ ‘ಸ್ಲಗ್’, ‘ಅಲಿಯಾಸಸ್’ ಎರಡೂ ಇವೆ. ಆದರೆ ಅದು ಹಳೆಯ ಜಾಗದಲ್ಲಿ ಇಡುವುದು ತಾನಾಗಿ ಮುಂದಕ್ಕೆ ಕಳಿಸುವ ಒಂದು ಎಚ್‌ಟಿಎಂಎಲ್ ಪುಟವನ್ನು, ವಿಳಾಸ ಬದಲಾಗಿದೆ ಎಂದು ಸರ್ವರೇ ಹೇಳುವ 301 ಅಲ್ಲ. ಬ್ರೌಸರಿಗೆ ಅಷ್ಟು ಸಾಕು, ಹೊಸ ಪೋಸ್ಟುಗಳನ್ನು ತಂದುಕೊಡುವ ಫೀಡ್ ರೀಡರಿಗೆ ಸಾಲದು. ರೈಟ್‌ಫ್ರೀಲಿಯಲ್ಲಿ ಪ್ರಕಟಿಸಿದ ಮೇಲೆ ಮೆಟಾಡೇಟಾ ಪುಟಕ್ಕೆ ಹೋಗಿ ಸ್ಲಗ್ ತಿದ್ದಬೇಕು. ಅಷ್ಟರೊಳಗೆ ಪೋಸ್ಟ್ ಹಳೆಯ ಲಿಂಕಿನೊಂದಿಗೇ ಓದುಗರ ಕಡೆ ಹೊರಟಿರುತ್ತದೆ, ನನಗೆ ಇದು ಸರಿಬೀಳಲಿಲ್ಲ.

ಹಾಗೆಂದು ರೈಟ್‌ಫ್ರೀಲಿಯನ್ನು ತಳ್ಳಿಹಾಕುವಂತಿಲ್ಲ. ಬರೆಯುವ ಪುಟ ಮೂರರಲ್ಲಿ ಅದರದ್ದೇ ಚೆಂದ, ಖಾಲಿ ಹಾಳೆ ಬಿಟ್ಟರೆ ಬೇರೇನೂ ಇಲ್ಲ. ಆ್ಯಕ್ಟಿವಿಟಿಪಬ್ (ಬೇರೆ ಬೇರೆ ಸರ್ವರುಗಳ ಜಾಲತಾಣಗಳನ್ನು ಬೆಸೆಯುವ ನಿಯಮಾವಳಿ) ಇರುವುದರಿಂದ ಮಾಸ್ಟೊಡಾನ್ ಎಂಬ ಸಾಮಾಜಿಕ ಜಾಲತಾಣದಲ್ಲಿರುವವರು ನಿಮ್ಮ ಬ್ಲಾಗನ್ನೇ ನೇರವಾಗಿ ಫಾಲೋ ಮಾಡಬಹುದು. ಸ್ವಂತ ಸರ್ವರಿನಲ್ಲಿ ಹಾಕುವುದೂ ಸುಲಭ: ಓಡಿಸುವ ಒಂದೇ ಫೈಲು (ಬೈನರಿ), ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಸಾಕು. ಎಡವುವುದು ಬ್ಯಾಕಪ್‌ನಲ್ಲಿ. ಡೇಟಾಬೇಸ್ ಫೈಲನ್ನು ಮಾತ್ರ ಎತ್ತಿಟ್ಟರೆ ಸಾಲದು, ‘ಕೀಸ್’ ಫೋಲ್ಡರ್ ಕೂಡ ಬೇಕು. ಲಾಗಿನ್ ಕುಕೀಗಳ ಮತ್ತು ಈಮೇಲ್ ವಿಳಾಸಗಳ ಗೂಢಲಿಪಿಯ ಕೀಲಿಗಳು ಅದರೊಳಗಿವೆ. ಮತ್ತೆ ಡೊಮೇನ್ ಬದಲಿಸಿದರೆ ಫಾಲೋ ಮಾಡಿದವರು ಜೊತೆಗೆ ಬರುವುದಿಲ್ಲ, ಏಕೆಂದರೆ ಅವರ ಸರ್ವರುಗಳು ನಿಮ್ಮನ್ನು ಗುರುತಿಸುವುದೇ ಆ ವಿಳಾಸದಿಂದ. ಚಿತ್ರ ಅಪ್‌ಲೋಡ್ ಮಾಡಲು ಅದರಲ್ಲಿ ಜಾಗವಿಲ್ಲ.

ಹ್ಯೂಗೋ 2013ರಿಂದ ಇದೆ, ವೇಗಕ್ಕೆ ಸಾಟಿಯಿಲ್ಲ. ತಾಣಗಳನ್ನು ಇಟ್ಟುಕೊಡುವ ಗಿಟ್‌ಹಬ್ ಪೇಜಸ್ ಮೇಲೆ ಹಾಕಿದರೆ ಖರ್ಚೂ ಇಲ್ಲ, 1 ಜಿಬಿ ಮಿತಿಯೊಳಗೆ ಬರಹದ ಬ್ಲಾಗು ಎಷ್ಟು ವರ್ಷವಾದರೂ ತೂರಿಕೊಳ್ಳುತ್ತದೆ. ಕಾಟ ಕೊಡುವುದು ಎರಡು ಕಡೆ. ಒಂದು, ಹ್ಯೂಗೋ ಹೊಸ ಆವೃತ್ತಿ ಬಂದಾಗ ಹಳೆಯ ಥೀಮ್ ಮುರಿಯಬಹುದು. ಬಿಲ್ಡ್ ಸೆಟ್ಟಿಂಗಿನಲ್ಲಿ ಆವೃತ್ತಿಯ ಸಂಖ್ಯೆಯನ್ನು ನಮೂದಿಸಿ ಕಟ್ಟಿಹಾಕಿ, ‘ಲೇಟೆಸ್ಟ್’ ಎಂದು ಬಿಡಬೇಡಿ. ಎರಡನೆಯದು ತಾರೀಖು. ಸಮಯವಲಯ ಹೇಳದೆ ಬರೀ ತಾರೀಖು, ಗಂಟೆ ಬರೆದರೆ ಹ್ಯೂಗೋ ಅದನ್ನು ಯುಟಿಸಿ (ಜಗತ್ತಿನ ಪ್ರಮಾಣ ಸಮಯ) ಎಂದೇ ಓದುತ್ತದೆ. ನಿಮ್ಮ ಗಡಿಯಾರ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದಿದ್ದರೆ, ಬೆಳಗ್ಗೆ 10ಕ್ಕೆ ಎಂದು ಬರೆದ ಪೋಸ್ಟ್ ಅದರ ಕಣ್ಣಿಗೆ ಮಧ್ಯಾಹ್ನ 3:30ರವರೆಗೂ ಮುಂದೆ ಬರಬೇಕಾದದ್ದು. ಅಂಥದ್ದನ್ನು ಹ್ಯೂಗೋ ಸದ್ದಿಲ್ಲದೆ ಕೈಬಿಡುತ್ತದೆ, ದೋಷವೆಂದು ತೋರಿಸುವುದೂ ಇಲ್ಲ. 3:30 ಆದ ಮೇಲೂ ತಾನಾಗಿ ಕಾಣಿಸಿಕೊಳ್ಳುವುದಿಲ್ಲ, ಮತ್ತೊಮ್ಮೆ ಬಿಲ್ಡ್ ಆಗಬೇಕು. ಸೆಟ್ಟಿಂಗ್ ಫೈಲಿನಲ್ಲಿ ‘ಟೈಮ್‌ಝೋನ್’ ಕೊಟ್ಟುಬಿಟ್ಟರೆ ಈ ತಲೆನೋವು ತೀರಿತು. ಪೋಸ್ಟ್ ಆಮೇಲೂ ಕಾಣದಿದ್ದರೆ ‘ಡ್ರಾಫ್ಟ್’ ಸಾಲು ಇನ್ನೂ ‘ಟ್ರೂ’ ಎಂದೇ ಇದೆಯಾ ನೋಡಿ. ಇದನ್ನೆಲ್ಲ ಫೋನಿನಲ್ಲಿ ಮಾಡುವುದು ಸಾಧ್ಯ, ಆದರೆ ಒಂದು ಕಾಗುಣಿತ ತಿದ್ದಲು ಕಮಿಟ್ ಮಾಡಿ (ಬದಲಾವಣೆ ದಾಖಲಿಸಿ) ಬಿಲ್ಡ್ ಮುಗಿಯಲಿ ಎಂದು ಕಾಯುವ ತಾಳ್ಮೆ ನನಗಿಲ್ಲ.

ಅಕ್ಷರದ ಅಂದಕ್ಕೆ ಮೂರೂ ಕಡೆ ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಒಂದೇ ಕೆಲಸ. ಇಂಗ್ಲಿಷಿಗೆಂದು ಇಟ್ಟ 1.5ರ ಸಾಲಿನ ಎತ್ತರದಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುವಂತೆ ಕಾಣುತ್ತವೆ, 1.75 ಇಡಿ. ಬೇರ್‌ನಲ್ಲಿ ಭಾಷೆಯ ಸಾಲಿಗೆ ಕನ್ನಡದ ಎರಡಕ್ಷರದ ಕೋಡ್ ಕೊಡಿ, ಪುಟವನ್ನು ಓದಿಹೇಳುವ ಸಾಫ್ಟ್‌ವೇರ್ ಸರಿಯಾದ ದನಿ ಆರಿಸಿಕೊಳ್ಳಲು ಅದು ಬೇಕು. ಫಾಂಟ್ ಸೇರಿಸಲೇಬೇಕೆಂದಿಲ್ಲ. ಬೇರ್ ಪುಟ ಕೆಲವೇ ಕೆಬಿ ಇರುತ್ತದೆ, ಕನ್ನಡದ ಫಾಂಟ್ ಫೈಲು ಅದರ ಎಷ್ಟೋ ಪಟ್ಟು.

ಬೇರ್‌ನ ಕೊರತೆಗಳೂ ಇವೆ. ಸ್ವಂತ ಡೊಮೇನ್, ಚಿತ್ರದ ಅಪ್‌ಲೋಡ್ ಬೇಕೆಂದರೆ ದುಡ್ಡು ಕೊಡಬೇಕು. ಕಾಮೆಂಟ್ ಇಲ್ಲ. ಎಲ್ಲ ಪೋಸ್ಟುಗಳನ್ನೂ ಒಟ್ಟಿಗೆ ಹೊರತೆಗೆದರೆ ಸಿಗುವುದು ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಬೇರ್ಪಟ್ಟ ಕೋಷ್ಟಕದ ಫೈಲು. ಅದನ್ನು ಎಕ್ಸೆಲ್‌ನಲ್ಲಿ ನೇರ ತೆರೆದರೆ ಕನ್ನಡ ಕಲಸಿಹೋಗಬಹುದು, ಯುಟಿಎಫ್-8 ಆರಿಸಿ ಇಂಪೋರ್ಟ್ ಮಾಡಬೇಕು. ನೋಡಿ ಮುಚ್ಚಿ, ಅಲ್ಲೇ ಸೇವ್ ಮಾಡಬೇಡಿ. ಎಕ್ಸೆಲ್‌ನ ಒಂದು ಚೌಕದಲ್ಲಿ 32,767 ಅಕ್ಷರಕ್ಕಿಂತ ಹೆಚ್ಚು ಹಿಡಿಯದು, ದೀರ್ಘ ಬರಹದ ಬಾಲ ಅಲ್ಲೇ ಕತ್ತರಿಸಿಹೋಗಬಹುದು. ಈ ಒಂದು ವಿಷಯದಲ್ಲಿ ಮಟರೋವಾ ಎಂಬ ಇನ್ನೊಂದು ಪುಟ್ಟ ವೇದಿಕೆ ಬೇರ್‌ಗಿಂತ ಮೇಲು, ತಿಂಗಳಿಗೊಮ್ಮೆ ನಿಮ್ಮ ಬರಹಗಳ ಮಾರ್ಕ್‌ಡೌನ್ ಪ್ರತಿಯನ್ನು ಈಮೇಲಿಗೆ ಕಳಿಸುವ ಸೌಲಭ್ಯ ಅದರಲ್ಲಿದೆ.

ಯಾವುದನ್ನು ಹಿಡಿದರೂ ಡೊಮೇನ್ ಮಾತ್ರ ನಿಮ್ಮದೇ ಇರಲಿ. ಪೋಸ್ಟರಸ್ ಎಂಬ ಬ್ಲಾಗ್ ವೇದಿಕೆ 2013ರ ಏಪ್ರಿಲ್ 30ಕ್ಕೆ ಬಾಗಿಲು ಹಾಕಿತು, ಟೈಪ್‌ಪ್ಯಾಡ್ 2025ರ ಸೆಪ್ಟೆಂಬರ್ 30ಕ್ಕೆ. ಸ್ವಂತ ಡೊಮೇನ್ ಇದ್ದವರು ಬೇರೆಡೆ ಹೋದರೂ ಹಳೆ ಲಿಂಕುಗಳನ್ನು ಉಳಿಸಿಕೊಳ್ಳಬಹುದು. ವೇದಿಕೆಯ ಹೆಸರು ಹೊತ್ತ ವಿಳಾಸ ವೇದಿಕೆಯೊಂದಿಗೇ ಹೋಗುತ್ತದೆ.

ಡೊಮೇನನ್ನು ಬ್ಲಾಗಿಗೆ ಜೋಡಿಸುವಾಗ ಬಹಳ ಮಂದಿ ಸಿಕ್ಕಿಬೀಳುವುದು ಬರಿಯ ಡೊಮೇನಿಗೆ (ಮುಂದೆ ಇನ್ನೊಂದು ತುಂಡಿಲ್ಲದ್ದು) ಸಿನೇಮ್, ಅಂದರೆ ಒಂದು ಹೆಸರನ್ನು ಇನ್ನೊಂದರ ಕಡೆ ತೋರಿಸುವ, ದಾಖಲೆ ಹಾಕಲು ಹೋಗಿ. ಡೊಮೇನುಗಳ ವಿಳಾಸಪಟ್ಟಿಯಾದ ಡಿಎನ್‌ಎಸ್‌ನ ನಿಯಮದಂತೆ ಸಿನೇಮ್ ಇದ್ದಲ್ಲಿ ಬೇರೆ ದಾಖಲೆ ಇರುವಂತಿಲ್ಲ, ಬರಿಯ ಡೊಮೇನಿನಲ್ಲೋ ಎನ್‌ಎಸ್, ಎಸ್‌ಒಎ ದಾಖಲೆಗಳು ಇರಲೇಬೇಕು. ನಿಮ್ಮ ಡಿಎನ್‌ಎಸ್ ಸೇವೆಯಲ್ಲಿ ಅದೇ ಕೆಲಸ ಮಾಡುವ ‘ಅಲಿಯಾಸ್’ ದಾಖಲೆಯೋ ಸಿನೇಮ್ ಫ್ಲ್ಯಾಟನಿಂಗ್ ಸೌಲಭ್ಯವೋ ಇದೆಯಾ ನೋಡಿ. ಇಲ್ಲದಿದ್ದರೆ ‘ಬ್ಲಾಗ್’ ಎಂಬ ಉಪಡೊಮೇನ್ ಮಾಡಿ ಅದಕ್ಕೆ ಸಿನೇಮ್ ಕೊಡಿ. ಹಳೆಯ ಕಡೆಯಿಂದ ಬರುತ್ತಿದ್ದರೆ ಹಿಂದಿನ ದಿನವೇ ಟಿಟಿಎಲ್ಅನ್ನು (ಹಳೆ ದಾಖಲೆಯನ್ನು ನೆನಪಿನಲ್ಲಿಡುವ ಅವಧಿ) 300 ಸೆಕೆಂಡಿಗೆ ಇಳಿಸಿ, ಪೋಸ್ಟುಗಳನ್ನೆಲ್ಲ ಹಳೆಯ ಸ್ಲಗ್ಗಿನಲ್ಲೇ ಹೊಸ ಕಡೆ ಹಾಕಿದ ಮೇಲಷ್ಟೇ ಡೊಮೇನ್ ತಿರುಗಿಸಿ. ಸ್ಲಗ್ ಬದಲಾದರೆ ಲಿಂಕನ್ನೇ ಗುರುತಾಗಿ ಬಳಸುವ ಫೀಡುಗಳಲ್ಲಿ ಹಳೆಯ ಪೋಸ್ಟುಗಳೆಲ್ಲ ಹೊಸದೆಂಬಂತೆ ಒಂದೇ ಸಲ ಓದುಗರ ರೀಡರಿಗೆ ಬಂದು ಸುರಿಯುತ್ತವೆ.