ಟ್ರ್ಯಾಕಿಗೂ ಸರಿ, ಹೊಸೂರಿಗೂ ಸರಿ: ಹಳೆಯ ಎಸ್ಟೀಮಿನ ಮೇಲೆ ನಡೆಸಿದ ಹೋಲಿಕೆ

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯ ರೇಸ್ ಟ್ರ್ಯಾಕಿನಲ್ಲಿ ಕೊನೆಯ ಸರದಿ ಮುಗಿದ ಮೇಲೆ ಜನ ಎರಡು ಪಂಗಡವಾಗುತ್ತಾರೆ. ಕೆಲವರು ಕಾರನ್ನು ಟ್ರಕ್ಕಿನ ಮೇಲೆ ಹತ್ತಿಸಿ, ಪಟ್ಟಿ ಬಿಗಿದು, ತಾವು ಬೇರೊಂದು ಕಾರಿನಲ್ಲಿ ಏಸಿ ಹಾಕಿಕೊಂಡು ಹೊರಡುತ್ತಾರೆ. ಉಳಿದವರು ಬೆಳಿಗ್ಗೆ ಇಳಿಸಿಟ್ಟ ಸ್ಟೆಪ್ನಿ, ಜಾಕಿ, ಹಿಂದಿನ ಸೀಟುಗಳನ್ನು ಮತ್ತೆ ತುಂಬಿಕೊಂಡು, ಇಡೀ ದಿನ ಹಿಂಡಿ ಹಿಪ್ಪೆ ಮಾಡಿದ ಅದೇ ಗಾಡಿಯನ್ನು ಮನೆಗೆ ಓಡಿಸಿಕೊಂಡು ಹೋಗುತ್ತಾರೆ. ನಾನು ಎರಡನೆಯ ಪಂಗಡದವನು. ಕಾಂಚೀಪುರ, ವೇಲೂರು, ಆಂಬೂರು, ವಾಣಿಯಂಬಾಡಿ, ಕೃಷ್ಣಗಿರಿ ದಾಟಿ ಹೊಸೂರು ಸೇರಲು ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಸೋಮವಾರ ಬೆಳಿಗ್ಗೆ ಇದೇ ಕಾರು ಅಲ್ಲಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯ ಮುಂದೆ ನಿಂತಿರಬೇಕು.

ಹಾಗಾಗಿ ನನ್ನ ಹಳೆಯ ಮಾರುತಿ ಎಸ್ಟೀಮ್ ಕಾರಿಗೆ ಮಾಡಿಸಿದ ಪ್ರತಿಯೊಂದು ಬದಲಾವಣೆಯನ್ನೂ ಈ ಹೋಲಿಕೆಯಲ್ಲಿ ಎರಡು ಸಲ ತೂಗಿದ್ದೇನೆ. ಲ್ಯಾಪಿನಲ್ಲಿ, ಅಂದರೆ ಟ್ರ್ಯಾಕಿನ ಒಂದು ಸುತ್ತಿನಲ್ಲಿ, ಎಷ್ಟು ಸೆಕೆಂಡು ಉಳಿಯಿತು ಎಂಬುದು ಒಂದು ತೂಕ. ಹೊಸೂರಿಗೆ ಹೇಗೆ ತಂದು ಮುಟ್ಟಿಸಿತು ಎಂಬುದು ಇನ್ನೊಂದು. ಟ್ರಕ್ಕಿರುವವರಿಗೆ ಎರಡನೆಯದರ ಗೊಡವೆಯಿಲ್ಲ, ಅವರಿಗೆ ನನ್ನ ತೀರ್ಪುಗಳು ಅರ್ಧಕ್ಕರ್ಧ ತಪ್ಪೆನಿಸಬಹುದು.

ಅಳತೆಯ ವಿಧಾನ ದೊಡ್ಡದೇನಲ್ಲ. ಡ್ಯಾಶ್‌ಬೋರ್ಡಿಗೆ ಅಂಟಿಸಿದ ಮೊಬೈಲ್, ಅದರಲ್ಲಿ ಜಿಪಿಎಸ್ ನೋಡಿ ಲ್ಯಾಪ್ ಎಣಿಸುವ ಆ್ಯಪ್. ಒಂದು ಸರದಿಯ ಅತ್ಯುತ್ತಮ ಮೂರು ಲ್ಯಾಪುಗಳ ಸರಾಸರಿ ತೆಗೆಯುತ್ತೇನೆ. ಇದರಲ್ಲಿ ಒಂದು ಮೋಸವಿದೆ: ಕಾರು ಬದಲಾಗುವಷ್ಟೇ ಓಡಿಸುವವನೂ ಬದಲಾಗುತ್ತಾನೆ. ಎರಡನೆಯ ಭೇಟಿಯಲ್ಲಿ ಬಂದ ಲಾಭದಲ್ಲಿ ಟಯರಿನದೆಷ್ಟು, ನಾನು ಕಲಿತದ್ದೆಷ್ಟು ಎಂದು ಗೊತ್ತಾಗದೆ, ಮೂರನೆಯ ಸಲ ಹಳೆಯ ಟಯರುಗಳನ್ನೂ ಒಯ್ದು, ಒಂದೇ ದಿನ ಎರಡನ್ನೂ ಹಾಕಿ ಓಡಿಸಿದೆ. ಲಾಭದ ಅರ್ಧ ಪಾಲು ನನ್ನದೇ ಎಂದು ತಿಳಿದು ಸಂತೋಷವೂ ಆಯಿತು, ಟಯರಿಗೆ ಕೊಟ್ಟ ದುಡ್ಡು ನೆನಪಾಗಿ ಹೊಟ್ಟೆಯೂ ಉರಿಯಿತು.

ಯಾವ ಕಾರು?

ನನ್ನದು 2003ರ ಎಸ್ಟೀಮ್. 1.3 ಲೀಟರಿನ, ಸುಮಾರು 85 ಅಶ್ವಶಕ್ತಿಯ ಎಂಜಿನ್. ಕಾರಿನ ತೂಕ ಒಂಬೈನೂರು ಕೆ.ಜಿ.ಯ ಒಳಗೆ. ಇದೇ ಎಸ್ಟೀಮಿನ ಎಂಜಿನ್ನನ್ನು ಕೊಯಮತ್ತೂರಿನವರು ಅಲ್ಲಿನ ಎಲ್‌ಜಿಬಿ ಕಂಪನಿಯ ಹೆಸರಿನ ಫಾರ್ಮುಲಾ ರೇಸ್ ಕಾರುಗಳಲ್ಲಿ ಕೂರಿಸಿ ವರ್ಷಗಟ್ಟಲೆ ಓಡಿಸಿದ್ದಾರೆ. ಆದ್ದರಿಂದ ಅದರ ಗಟ್ಟಿತನದ ಬಗ್ಗೆ ನಾನು ಪ್ರಮಾಣಪತ್ರ ಕೊಡಬೇಕಾಗಿಲ್ಲ. ಭಾವನದು 2001ರ ಹೋಂಡಾ ಸಿಟಿ, 1.5 ಲೀಟರ್, ನೂರು ಅಶ್ವಶಕ್ತಿ. ನನ್ನ ಕಾರಿಗಿಂತ ನೂರು ಕೆ.ಜಿ.ಗೂ ಹೆಚ್ಚು ಭಾರ.

ಒಂದೇ ದಿನ ಎರಡನ್ನೂ ಓಡಿಸಿದೆ. ನೇರ ದಾರಿಯಲ್ಲಿ ಸಿಟಿ ಕಣ್ಣೆದುರೇ ದೂರವಾಗುತ್ತದೆ. ಎಂಜಿನ್ ಏರುವ ರೀತಿಯೇ ಬೇರೆ, ಮೀಟರಿನ ಕೆಂಪು ಗೆರೆಯ ಹತ್ತಿರವೂ ದಣಿಯುವುದಿಲ್ಲ. ಆದರೆ ನಾಲ್ಕನೆಯ ಲ್ಯಾಪಿನಿಂದ ಅದರ ಬ್ರೇಕು ದಣಿಯಲು ಶುರುವಾಯಿತು. ಎಸ್ಟೀಮ್ ನಿಧಾನ, ಆದರೆ ಹಗುರ. ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ. ಇನ್ನೊಂದು, ಕಾಸಿನ ವಿಷಯ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಸ್ಟೀಮಿನ ಡಿಸ್ಕು, ಬೇರಿಂಗು, ಬುಷ್ಷುಗಳನ್ನು ಚೀಲದಲ್ಲಿ ತುಂಬಿಕೊಂಡು ಬರಬಹುದು. ಸಿಟಿಯದಕ್ಕೆ ಅಂಗಡಿಯವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಬೆಲೆ ಹೇಳುತ್ತಾರೆ. ಗಡಿಯಾರ ಸಿಟಿಯ ಕಡೆಗಿದೆ, ಮನೆ ದಾರಿ ಎಸ್ಟೀಮಿನ ಕಡೆಗೆ. ಭಾವ ಈ ತೀರ್ಪನ್ನು ಇಂದಿಗೂ ಒಪ್ಪಿಲ್ಲ.

ಎಂಜಿನ್ನಿಗೋ, ಬ್ರೇಕಿಗೋ?

ಹಳೆಯ ಕಾರು ಕೈಗೆ ಸಿಕ್ಕ ಯಾರಿಗಾದರೂ ಮೊದಲು ಕೈ ತುರಿಸುವುದು ಎಂಜಿನ್ನಿನ ಮೇಲೆಯೇ. ನಾನೂ ದೊಡ್ಡ ಬಾಯಿಯ ಏರ್ ಫಿಲ್ಟರ್ ಹಾಕಿಸಿದೆ, ಅಗಲ ಕೊಳವೆಯ ಸೈಲೆನ್ಸರ್ ಕಟ್ಟಿಸಿದೆ. ಲ್ಯಾಪಿನಲ್ಲಿ ಉಳಿದದ್ದು ಅರ್ಧ ಸೆಕೆಂಡಿಗೂ ಕಡಿಮೆ, ಅಂದರೆ ನನ್ನ ಅಳತೆಯ ತಪ್ಪಿನೊಳಗೇ ಅಡಗುವಷ್ಟು. ಸದ್ದು ಮಾತ್ರ ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟದ ಮೆಟ್ಟಿಲ ತನಕ ಕೇಳಿಸುತ್ತಿತ್ತು. ಬಾಗಲೂರು ರಸ್ತೆಯಲ್ಲಿ ಎರಡು ಸಲ ಪೊಲೀಸರು ನಿಲ್ಲಿಸಿದ ಮೇಲೆ ಕಂಪನಿಯ ಸೈಲೆನ್ಸರನ್ನೇ ಮತ್ತೆ ಕೂರಿಸಿದೆ. ಕಾರಿಗೆ 15 ವರ್ಷ ತುಂಬಿದ ಬಳಿಕ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಗಾಡಿಯನ್ನು ಸಾರಿಗೆ ಅಧಿಕಾರಿಗಳ ಮುಂದೆ ನಿಲ್ಲಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಲು ಬಿಡುವುದಿಲ್ಲ. ಕತ್ತರಿಸಿ ಬೆಸುಗೆ ಹಾಕುವ ಕೆಲಸ ಬೇಡ, ಸ್ಪ್ಯಾನರ್ ಹಿಡಿದು ಬಿಚ್ಚಿ ಮತ್ತೆ ಕೂರಿಸಬಹುದಾದದ್ದೇ ಸಾಕು ಎಂದು ಆಗಲೇ ತೀರ್ಮಾನಿಸಿದೆ.

ಬ್ರೇಕಿನ ಪಾಠ ಬೇರೆ ರೀತಿಯಲ್ಲಿ ಆಯಿತು. ಮೊದಲ ಭೇಟಿಯ ಎರಡನೆಯ ಸರದಿ, ಆರನೆಯ ಲ್ಯಾಪ್. ನೇರ ಓಟದ ಕೊನೆಗೆ ಎಂದಿನ ಗುರುತಿನಲ್ಲಿ ಪೆಡಲ್ ಒತ್ತಿದೆ. ಕಾಲ ಕೆಳಗೆ ಗಟ್ಟಿ ಹಲಗೆಯಿದ್ದ ಜಾಗದಲ್ಲಿ ಯಾರೋ ಹಿಟ್ಟಿನ ಮುದ್ದೆ ಇಟ್ಟಂತಿತ್ತು. ಪೆಡಲ್ ನೆಲಕ್ಕೆ ಹೋಯಿತು, ಕಾರು ಹೋಗುತ್ತಲೇ ಇತ್ತು. ಮತ್ತೆ ಮತ್ತೆ ತುಳಿದಾಗ ಅರೆಬರೆ ಹಿಡಿಯಿತು. ಗೇರ್ ಇಳಿಸಿ, ಟ್ರ್ಯಾಕಿನ ಹೊರಗಿನ ಮಣ್ಣಿಗಿಳಿದು, ಧೂಳಿನ ನಡುವೆ ನಿಂತೆ. ಎಲ್ಲೂ ತಾಗಲಿಲ್ಲ. ಕೈ ನಡುಗುವುದು ನಿಂತದ್ದು ಮಾತ್ರ ಚಹಾ ಕುಡಿದ ಮೇಲೆಯೇ.

ಚಕ್ರದ ಬಳಿ ಬ್ರೇಕ್ ಡಿಸ್ಕನ್ನು ಅದುಮಿ ಹಿಡಿಯುವ ಕ್ಯಾಲಿಪರಿನ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ ಬ್ರೇಕ್ ಆಯಿಲ್ ಬಿಟ್ಟಾಗ ಕಷಾಯದ ಬಣ್ಣದ ದ್ರವ, ನಡುನಡುವೆ ಸಣ್ಣ ಸಣ್ಣ ಗುಳ್ಳೆಗಳು. ಹಿಂದಿನ ಸರ್ವಿಸಿನಲ್ಲಿ ಅದನ್ನು ಬದಲಾಯಿಸಿದ್ದೇವೆಂದು ಬಿಲ್ ಹಾಕಿದ್ದರು. ಬದಲಾಯಿಸಿದವರ ಮುಖ ಆಗ ಎದುರಿಗಿರಲಿಲ್ಲ ಎಂಬುದು ಅವರ ಪುಣ್ಯ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ 205 ಮತ್ತು 140. ಕುದಿದರೆ ಆವಿ, ಆವಿಯನ್ನು ಅದುಮಬಹುದು, ಅದುಮಿದ ಕಾಲು ನೆಲಕ್ಕೆ. ಅಷ್ಟೇ ಕಥೆ. ಸೀಲು ಒಡೆಯದ ಡಾಟ್ 4 ಬಾಟಲಿಗಳನ್ನು ಹಾಕಿ ನಾಲ್ಕೂ ಚಕ್ರಗಳಲ್ಲಿ ಹಳೆಯದನ್ನು ಪೂರ್ತಿ ಹೊರಹಾಕಿದ ಮೇಲೆ ಪೆಡಲ್ ಇಡೀ ದಿನ ಒಂದೇ ಎತ್ತರದಲ್ಲಿ ನಿಂತಿತು. ಧೈರ್ಯ ಬಂದು ಇಪ್ಪತ್ತು ಮೀಟರ್ ತಡವಾಗಿ ಬ್ರೇಕ್ ಒತ್ತತೊಡಗಿದೆ. ಲ್ಯಾಪಿನಲ್ಲಿ ಒಂದೂವರೆ ಸೆಕೆಂಡು ಅದರಿಂದಲೇ ಬಂತು. ಇಡೀ ಪ್ರಯೋಗದಲ್ಲಿ ಅತಿ ಅಗ್ಗದ ಸಾಮಾನು ಇದೇ.

ಡಿಸ್ಕಿಗೆ ಉಜ್ಜಿ ಕಾರನ್ನು ನಿಲ್ಲಿಸುವ ಬ್ರೇಕ್ ಪ್ಯಾಡುಗಳಲ್ಲಿ ಎರಡು ಬಗೆ ನೋಡಿದೆ. ರೇಸಿಗೆಂದೇ ಮಾಡಿದ ಪ್ಯಾಡು ಬಿಸಿಯಾದ ಮೇಲೆ ಗೋಡೆಗೆ ಕಟ್ಟಿದಂತೆ ನಿಲ್ಲಿಸುತ್ತದೆ. ತಣ್ಣಗಿರುವಾಗ ಮರದ ತುಂಡು. ಕಾಂಚೀಪುರದ ಹತ್ತಿರ ಮುಂದೆ ಹೋಗುತ್ತಿದ್ದ ಬಸ್ಸು ಗಕ್ಕನೆ ನಿಂತಾಗ ನಾನು ಎರಡು ಕಾಲಿನಿಂದಲೂ ತುಳಿದೆ. ಮೇಲಾಗಿ ಪ್ರತಿ ಸಿಗ್ನಲಿನಲ್ಲೂ ಕಬ್ಬಿನ ಗಾಣದಂತೆ ಕಿರುಚುತ್ತದೆ, ಡಿಸ್ಕನ್ನೂ ಬೇಗ ತಿನ್ನುತ್ತದೆ. ರಸ್ತೆಗೂ ಟ್ರ್ಯಾಕಿಗೂ ನಡುವಿನ, ಸ್ವಲ್ಪ ಹೆಚ್ಚು ಬಿಸಿ ತಡೆಯುವ ಪ್ಯಾಡು ಲ್ಯಾಪಿನಲ್ಲಿ ಅರ್ಧ ಸೆಕೆಂಡು ಹಿಂದೆ, ಆದರೆ ಬೆಳಗಿನ ಮೊದಲ ಬ್ರೇಕಿಗೂ ಹಿಡಿಯುತ್ತದೆ. ಅದೇ ಉಳಿದಿದೆ. ಒಂದು ಎಚ್ಚರಿಕೆ: ಸರದಿ ಮುಗಿಸಿ ಬಂದೊಡನೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕೊನೆಯ ಲ್ಯಾಪನ್ನು ಮೆಲ್ಲಗೆ ಓಡಿಸಿ ತಣಿಸಿ, ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಭಾವ ಎಳೆದಿದ್ದರು, ಹಿಂದಿನ ಡ್ರಮ್ಮು ಕಚ್ಚಿಕೊಂಡು ಸುತ್ತಿಗೆಯಿಂದ ತಟ್ಟಿ ಬಿಡಿಸಬೇಕಾಯಿತು.

ಟಯರು

ಕಾರಿಗೆ ಬರುವ ಅಳತೆ 175/70 ಆರ್13. ಹೊಸ ರಸ್ತೆ ಟಯರು ಒಂದು ಸೆಟ್, ರೇಸಿನಲ್ಲಿ ಓಡಿಸಿ ತೆಗೆದ ಮೃದು ರಬ್ಬರಿನ ಟಯರು ಇನ್ನೊಂದು ಸೆಟ್. ಎರಡನೆಯದನ್ನು ಅಗ್ಗವಾಗಿ ತಂದೆ. ಗೀರು ಬಹಳ ಆಳವಿರಲಿಲ್ಲ. ಒಂದೇ ದಿನ ಎರಡನ್ನೂ ಓಡಿಸಿದಾಗ ಮೃದು ಟಯರು ಸುಮಾರು ಎರಡೂಕಾಲು ಸೆಕೆಂಡು ಮುಂದೆ. ಬೇರೆ ಯಾವುದೂ ಇಷ್ಟು ಕೊಟ್ಟಿಲ್ಲ. ತಿರುವಿನ ನಡುವೆ ಮೂಗು ಹೊರಗೆ ಜಾರುವ ಮುಂಚಕ್ರ ಚಾಲನೆಯ ಕಾರಿನ ಹಳೆಯ ಚಾಳಿ ಅರ್ಧ ಕಡಿಮೆಯಾಯಿತು.

ಈ ಟ್ರ್ಯಾಕು 3.717 ಕಿಲೋಮೀಟರ್, 12 ತಿರುವು. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುವುದರಿಂದ ಬಲ ತಿರುವುಗಳದ್ದೇ ಮೇಲುಗೈ, ಭಾರವೆಲ್ಲ ಎಡ ಮುಂಚಕ್ರದ ಮೇಲೆ. ಟಯರಿನ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಮೇಲಿನಿಂದ ಕೆಳಗೆ ಗೆರೆ ಎಳೆದು ಓಡಿಸಿ ಬಂದರೆ, ಟಯರು ಎಲ್ಲಿಯವರೆಗೆ ಮಡಚಿಕೊಂಡಿದೆ ಎಂಬುದು ಅಳಿಸಿದ ಗೆರೆಯಲ್ಲೇ ಕಾಣುತ್ತದೆ. ರಸ್ತೆ ಟಯರಿನಲ್ಲಿ ಎಡಗಡೆಯ ಗೆರೆ ಎರಡು ಬೆರಳಗಲ ಅಳಿಸಿತ್ತು. ತಣ್ಣಗಿದ್ದಾಗ 28 ಪಿಎಸ್‌ಐ ಇದ್ದ ಗಾಳಿಯ ಒತ್ತಡ ಐದು ಲ್ಯಾಪಿಗೆ 35 ಮುಟ್ಟುತ್ತದೆ, ಆಗ ಸ್ವಲ್ಪ ಬಿಟ್ಟು 32ಕ್ಕೆ ತರುತ್ತೇನೆ. ಮನೆಗೆ ಹೊರಡುವ ಮುನ್ನ ಮತ್ತೆ ತುಂಬಿಸುವುದನ್ನು ಮರೆತರೆ ಕಷ್ಟ. ಒಮ್ಮೆ ಮರೆತು, ಆಂಬೂರಿನಲ್ಲಿ ಬಿರಿಯಾನಿಗೆ ನಿಲ್ಲಿಸಿದಾಗ ಟಯರು ಚಪ್ಪಟೆಯಾಗಿ ಕೂತಿರುವುದು ಕಂಡು ನೆನಪಾಯಿತು.

ಗಡಿಯಾರದ ತೂಕದಲ್ಲಿ ಮೃದು ಟಯರಿಗೆ ಎದುರಿಲ್ಲ. ಆದರೆ ಅದು ಅಕ್ಟೋಬರ್ ತಿಂಗಳು. ವಾಣಿಯಂಬಾಡಿ ದಾಟುವಾಗ ಮಳೆ ಸುರಿಯತೊಡಗಿತು. ಗೀರು ಸವೆದ ಟಯರು ನೀರನ್ನು ಹೊರಗೆ ತಳ್ಳಲಾರದು, ಅದರ ಮೇಲೆ ತೇಲುತ್ತದೆ. ಅರವತ್ತರ ವೇಗದಲ್ಲೇ ಸ್ಟಿಯರಿಂಗ್ ಕೈಯಲ್ಲಿ ಹತ್ತಿಯಷ್ಟು ಹಗುರವಾಯಿತು. ಪಕ್ಕದಲ್ಲಿ ಗ್ರಾನೈಟ್ ಲಾರಿಗಳು ನೀರೆರಚುತ್ತಾ ಹೋಗುತ್ತಿದ್ದವು. ಪೆಟ್ರೋಲ್ ಬಂಕಿನಲ್ಲಿ ಒಂದೂವರೆ ಗಂಟೆ ನಿಂತು, ಆಮೇಲೆ ನಲವತ್ತರಲ್ಲಿ ಮನೆ ಸೇರಿದೆ. ಈಗ ಆ ನಾಲ್ಕು ಟಯರುಗಳನ್ನು ಬೇರೆ ರಿಮ್ಮಿಗೆ ಹಾಕಿಸಿ ಹಿಂದಿನ ಸೀಟಿನ ಜಾಗದಲ್ಲೂ ಡಿಕ್ಕಿಯಲ್ಲೂ ಹೇರಿಕೊಂಡು ಹೋಗುತ್ತೇನೆ. ಅಲ್ಲಿ ಹೋಗಿ ಬದಲಾಯಿಸಲು ಮುಕ್ಕಾಲು ಗಂಟೆ. ಮಳೆಗಾಲದಲ್ಲಿ ಅವನ್ನು ಮನೆಯಿಂದ ಹೊರಗೇ ತೆಗೆಯುವುದಿಲ್ಲ.

ಸ್ಪ್ರಿಂಗು ಮತ್ತು ತೂಕ

ಸ್ಪ್ರಿಂಗ್ ಕತ್ತರಿಸುವುದು ನಮ್ಮ ಕಡೆಯ ಅಗ್ಗದ ಮದ್ದು. ಮೇಸ್ತ್ರಿ ಕಟಿಂಗ್ ಮೆಷಿನ್ ಹಿಡಿದು ಒಂದು ಸುತ್ತು ತೆಗೆದರು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗು ಬಿರುಸಾಗುತ್ತದೆ, ಕಾರು ತಗ್ಗುತ್ತದೆ, ನೋಡಲು ಸೊಗಸು. ಆದರೆ ಹಳೆಯ ಶಾಕ್ ಅಬ್ಸಾರ್ಬರಿಗೆ ಆ ಬಿರುಸನ್ನು ಹಿಡಿದಿಡುವ ತಾಕತ್ತಿಲ್ಲ. ತಿರುವಿನ ನಡುವಿನ ಉಬ್ಬುತಗ್ಗಿನಲ್ಲಿ ಕಾರು ಆಡಿನ ಮರಿಯಂತೆ ಕುಪ್ಪಳಿಸಿತು. ಜಾಕಿ ಕೊಟ್ಟು ಎತ್ತಿದಾಗ ನಾನು ನೋಡಿದ್ದು ಇದು: ಚಕ್ರ ಕೆಳಗೆ ಜೋತಾಗ ಸ್ಪ್ರಿಂಗು ತನ್ನ ಬಟ್ಟಲಿನಲ್ಲಿ ಸಡಿಲವಾಗಿ ಕೂತಿತ್ತು, ಬೆರಳಿನಿಂದ ತಿರುಗಿಸಬಹುದಾಗಿತ್ತು. ತಳಿ ರಸ್ತೆಯ ಹಂಪುಗಳಲ್ಲಿ ಅದು ಜಾಗ ಬಿಟ್ಟು ಜಾರಿದ್ದರೆ? ಮರುದಿನವೇ ಬಿಚ್ಚಿಸಿದೆ.

ಅದರ ಬದಲು ಕಂಪನಿಯ ಸ್ಪ್ರಿಂಗನ್ನೇ ಇಟ್ಟು ನಾಲ್ಕೂ ಶಾಕ್ ಅಬ್ಸಾರ್ಬರ್, ಕೆಳತೋಳಿನ ಬುಷ್ಷುಗಳು, ಬಾಲ್ ಜಾಯಿಂಟುಗಳನ್ನು ಹೊಸದು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿದೆ. ಇಪ್ಪತ್ತು ವರ್ಷದ ರಬ್ಬರು ಬಿಸ್ಕತ್ತಿನಂತೆ ಪುಡಿಯಾಗಿತ್ತು. ಕತ್ತರಿಸಿದ ಸ್ಪ್ರಿಂಗಿಗಿಂತ ಲ್ಯಾಪಿನಲ್ಲಿ ಒಂದು ಸೆಕೆಂಡು ಬೇಗ, ಮನೆ ದಾರಿಯಲ್ಲಿ ಸೊಂಟಕ್ಕೂ ಸುಖ. ಕಾರು ವಾಲುತ್ತದೆ, ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ. ಬೇಡ ಬಿಡಿ.

ತೂಕ ಇಳಿಸುವ ವಿಷಯ ಬೇಗ ಮುಗಿಸುತ್ತೇನೆ. ಹಿಂದಿನ ಸೀಟು, ಸ್ಟೆಪ್ನಿ, ಮ್ಯಾಟು, ಸಲಕರಣೆ ತೆಗೆದು ಕಲ್ಲಿನ ಲಾರಿಗಳನ್ನು ತೂಗುವ ಕಟ್ಟೆಯ ಮೇಲೆ ಕಾರು ನಿಲ್ಲಿಸಿದರೆ ಐವತ್ತು ಕೆ.ಜಿ. ಕಡಿಮೆ ತೋರಿಸಿತು, ಅಲ್ಲಿಯವರು ನಕ್ಕರು. ಖರ್ಚಿಲ್ಲದ ಲಾಭ. ಆದರೆ ಹಿಂಭಾಗ ಹಗುರವಾಗಿ, ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಬಾಲ ಅಲ್ಲಾಡುತ್ತದೆ. ಸ್ಟಿಯರಿಂಗ್ ನೇರವಾಗಿಟ್ಟು ಬ್ರೇಕ್ ಮುಗಿಸುವ ಅಭ್ಯಾಸವಾಗುವ ತನಕ ಸೀಟು ಒಳಗೇ ಇರಲಿ ಎನ್ನುತ್ತೇನೆ.

ಮುಂದಿನ ತಿಂಗಳು ಭಾವ ಮತ್ತೆ ಬರುತ್ತಾರಂತೆ. ಸಿಟಿಗೆ ಹೊಸ ಸೈಲೆನ್ಸರ್ ಕಟ್ಟಿಸಿದ್ದಾರೆ. ಮೊನ್ನೆ ಮನೆಗೆ ಬಂದವರು ಶೆಡ್ಡಿನ ಕಪಾಟಿನಲ್ಲಿ ಅರ್ಧ ಉಳಿದ ಬ್ರೇಕ್ ಆಯಿಲ್ ಬಾಟಲಿ ನೋಡಿ, "ಇದು ಸಾಕಾಗುತ್ತದಲ್ಲವೇ, ಸುಮ್ಮನೆ ಹೊಸದು ಯಾಕೆ?" ಎಂದರು.

"ತೆರೆದು ನಾಲ್ಕು ತಿಂಗಳಾಯಿತು ಭಾವ. ತೇವ ಕುಡಿದಿರುತ್ತದೆ, ಮುಟ್ಟಬೇಡಿ" ಎಂದು ಅದನ್ನು ಅವರ ಕೈಯಿಂದ ತೆಗೆದುಕೊಂಡು, ಸೀಲು ಒಡೆಯದ ಎರಡು ಬಾಟಲಿ ಕೊಟ್ಟೆ. ದುಡ್ಡು ಇನ್ನೂ ಬಂದಿಲ್ಲ.